ಬೀಗರ ಕೆಂಪು ಕಾರು

ತಮ್ಮನ ಮಗಳನ್ನು ಕೊಟ್ಟಿರುವುದು ಹರಿಹರಕ್ಕೆ. ಬೀಗರದು ಅಕ್ಕಿ ಗಿರಣಿ. ಅವರ ಮಗ, ಅಂದರೆ ನಮ್ಮ ಅಳಿಯ, ಮದುವೆಗೆ ಮುಂಚಿನಿಂದ ಒಂದು ಕೆಂಪು ಕಾರು ಇಟ್ಟುಕೊಂಡಿದ್ದ. ಎರಡೇ ಸೀಟಿನ ವಿದೇಶಿ ಸ್ಪೋರ್ಟ್ಸ್ ಕಾರು. ಬೇರೆ ಯಾರೋ ಓಡಿಸಿ ಬಿಟ್ಟದ್ದನ್ನು ಅವನು ಕೊಂಡಿದ್ದ. ಮನೆಗೆ ಕೂಸು ಬರುತ್ತದೆ ಎಂದಾಗ ಎರಡು ಸೀಟು ಸಾಲದಾಗಿ, ಮಾರುವ ಮಾತು ಬಂತು. ನನ್ನ ತಮ್ಮನಿಗೆ ಅದರ ಮೇಲೆ ನಿಶ್ಚಿತಾರ್ಥದ ದಿನದಿಂದಲೇ ಕಣ್ಣಿತ್ತು. ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಗಲ್ಲಾದ ಹಿಂದೆ ಕೂತೇ ತಲೆ ಬೆಳ್ಳಗಾದವನು ಅವನು. ಒಂದು ಸಲವಾದರೂ ಜೋರಾಗಿ ಹೋಗಬೇಕು ಎಂಬುದು ಅವನ ಆಸೆ. ಬೀಗರ ಹತ್ತಿರ ಕಾರು ಕೊಳ್ಳಬೇಡ, ಚೌಕಾಸಿ ಮಾಡುವಂತಿಲ್ಲ, ಕೆಟ್ಟರೆ ಬೈಯುವಂತಿಲ್ಲ ಎಂದು ನಾನು ಹೇಳಿದೆ. ಅವನು ಕೇಳಲಿಲ್ಲ, ಕೊಂಡ. ಕಾರು ಕೆಟ್ಟಿತು. ಬೈದವನು ಮಾತ್ರ ಅವನಲ್ಲ, ನಾನು.

ಕೊಂಡ ಸ್ವಲ್ಪ ದಿನಕ್ಕೇ ತಮ್ಮನ ಮಂಡಿಗೆ ಆಪರೇಷನ್ ಆಯಿತು. ಕೆಲವು ತಿಂಗಳು ಕಾರು ಮುಟ್ಟಬೇಡಿ ಎಂದರು ಡಾಕ್ಟರು. ನಾವಿಬ್ಬರೂ ಒಂದೇ ಮನೆಯಲ್ಲಿರುವವರು. ಅವನ ಸಂಸಾರ ಕೆಳಗೆ, ಒಬ್ಬಂಟಿ ನಾನು ಮೇಲೆ. ಕೀಲಿಯನ್ನು ನನ್ನ ಕೈಗಿಟ್ಟು, "ಅಣ್ಣ, ನೀನು ನೋಡ್ಕೊಂಡ್ರೆ ನನಗೆ ಚಿಂತಿಲ್ಲ" ಎಂದ.

ಆ ಮಾತು ನನಗೆ ಹಿಡಿಸಿತು. ನಾನು ಓದಿದ್ದು ಮಠದ ಉಚಿತ ಹಾಸ್ಟೆಲಿನಲ್ಲಿದ್ದುಕೊಂಡು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ತಣ್ಣೀರು, ವಿಭೂತಿ, ಲಿಂಗಪೂಜೆ, ಪ್ರಸಾದ. ಆಮೇಲೆ ದುಡಿದದ್ದು ಹರಿಹರದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಗಂಟೆಯ ಬದಲು ಸೈರನ್. ತಯಾರಾಗಿ ಬಂದ ಭಾಗಗಳ ಅಳತೆ ನೋಡಿ ಪಾಸು ಮಾಡುವ ವಿಭಾಗ ನನ್ನದು. ಈಗ ಗಂಟೆಯೂ ಇಲ್ಲ, ಸೈರನ್ನೂ ಇಲ್ಲ. ಆದರೂ ನನ್ನ ದಿನ ಅದೇ ಅಚ್ಚಿನಲ್ಲಿ ನಡೆಯುತ್ತದೆ. ಆ ಅಚ್ಚಿಗೆ ಕಾರನ್ನೂ ಸೇರಿಸಿದೆ.

ಸ್ನಾನ ಮುಗಿಸಿ, ವಿಭೂತಿ ಧರಿಸಿ, ಪೂಜೆಗೆ ಕೂರುವ ಮುಂಚೆ ಕೆಳಗಿಳಿದು ಬರುತ್ತಿದ್ದೆ. ಗೇಜ್ ಕಡ್ಡಿ ಎಳೆದು ಒರೆಸಿ, ಇಂಜಿನ್ ಆಯಿಲ್ ಎಷ್ಟಿದೆ ಎಂದು ನೋಡುತ್ತಿದ್ದೆ. ಕಾರಿನ ಹಣೆಗೆ ಒಂದು ಬೆರಳು ವಿಭೂತಿ. ಚಾಲೂ ಮಾಡಿ, ಗುರ್ರೆನ್ನುವ ಶಬ್ದ ಹದಕ್ಕೆ ಬರುವವರೆಗೆ ಕೂತು, ಆರಿಸಿ, ಮೇಲೆ ಹೋಗಿ ಪೂಜೆಗೆ ಕೂರುತ್ತಿದ್ದೆ. ಸಂಜೆಯ ಪೂಜೆಗೆ ಮುಂಚೆ ಮತ್ತೆ ಅದೇ. ಹಾಸ್ಟೆಲಿನ ಜೀಪಿಗೆ ನಮ್ಮ ವಾರ್ಡನ್ ಮಾಡುತ್ತಿದ್ದದ್ದು ಇದನ್ನೇ. ರಸ್ತೆಗೆ ಮಾತ್ರ ಒಂದು ದಿನವೂ ಇಳಿಸಲಿಲ್ಲ. ಪಂಚೆ ಉಟ್ಟ ಮುದುಕ ಆ ಕೆಂಪು ಕಾರಿನಲ್ಲಿ ಮಲಗಿದಂತೆ ಕೂತು ಪಿ.ಬಿ. ರೋಡಿನಲ್ಲಿ ಹೋಗುವುದೆಂದರೆ ನನಗೆ ಸಂಕೋಚ.

ಆಯಿಲ್ ಕಡಿಮೆಯಾಗಲೇ ಇಲ್ಲ. ಬರಬರುತ್ತ ಕಡ್ಡಿಯ ಮೇಲಿನ ಗೆರೆಯತ್ತ ಏರಿತು, ಆಮೇಲೆ ಗೆರೆಯನ್ನೂ ದಾಟಿತು. "ಒಂದು ಹನಿ ಕುಡಿದಿಲ್ಲ ನೋಡು" ಎಂದು ತಮ್ಮನಿಗೆ ಹೆಮ್ಮೆಯಿಂದ ತೋರಿಸಿದೆ. ಜೀವಮಾನವೆಲ್ಲ ಅಳತೆ ನೋಡಿದವನಿಗೆ ಕಡಿಮೆಯಾಗುವುದೊಂದೇ ದೋಷವಾಗಿ ಕಂಡಿತು. ಯಾರೂ ಹಾಕದ ಆಯಿಲ್ ಹೆಚ್ಚಾದದ್ದು ಎಲ್ಲಿಂದ ಎಂದು ಕೇಳಿಕೊಳ್ಳಲಿಲ್ಲ.

ಆಗ ತಮ್ಮನ ಮಗಳು ಬಾಣಂತನಕ್ಕೆ ನಮ್ಮ ಮನೆಯಲ್ಲೇ ಇದ್ದಳು. ಚಿಕ್ಕಂದಿನಿಂದ ನನ್ನ ಎದುರು ವಾದ ಮಾಡುವವಳು ಅವಳೊಬ್ಬಳೇ. ಒಂದು ಬೆಳಿಗ್ಗೆ ಕಿಟಕಿಯಿಂದಲೇ ಕೂಗಿದಳು:

"ದೊಡ್ಡಪ್ಪ, ಚಾಲೂ ಮಾಡಿದ್ರೆ ಓಡಿಸ್ಬೇಕಂತೆ. ನಿಂತಲ್ಲೇ ಗುರ್ ಅನ್ಸಿ ಬಂದ್ ಮಾಡಿದ್ರೆ ಆ ಇಂಜಿನ್‌ಗೆ ಆಗಲ್ಲಂತೆ. ಇವ್ರು ಫೋನಿನಾಗ ಹೇಳ್ತಿದಾರೆ."

"ನಿನ್ನ ಗಂಡ ಹುಟ್ಟೋಕಿಂತ ಮೊದ್ಲಿಂದ ನಾನು ಮಷಿನ್ ನೋಡಿದೀನಿ ಅಂತ ಹೇಳವ್ವ."

"ನಾನ್ಯಾಕ ಹೇಳ್ಲಿ? ಸ್ಪೀಕರ್ ಹಾಕೇ ಐತೆ. ಕೇಳಿಸ್ಕೊಂಡ್ರು."

ಅವಳು ಕೂಸನ್ನು ಕರೆದುಕೊಂಡು ಗಂಡನ ಮನೆಗೆ ಹೋದಳು. ತಮ್ಮನ ಮಂಡಿಯೂ ಸರಿಹೋಯಿತು. ಅಂಗಡಿಗೆ ರಜೆಯಿದ್ದ ಒಂದು ದಿನ ಮೊಮ್ಮಗನನ್ನು ನೋಡಲು ನಾವಿಬ್ಬರೂ ಅದೇ ಕಾರಿನಲ್ಲಿ ಹರಿಹರಕ್ಕೆ ಹೊರಟೆವು. ಹೈವೇಗೆ ಬಂದದ್ದೇ ತಮ್ಮ ಆಕ್ಸಿಲರೇಟರ್ ಅದುಮಿದ. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಅವನ ಮುಖ ನೋಡಿದೆ. ಅಷ್ಟು ಖುಷಿಯಾಗಿದ್ದ ತಮ್ಮನನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ. ಹರಿಹರ ಇನ್ನೇನು ಬಂತು ಎನ್ನುವಾಗ ಇಂಜಿನ್‌ನೊಳಗೆ ಯಾರೋ ಸುತ್ತಿಗೆಯಿಂದ ಬಡಿದಂಥ ಶಬ್ದ ಶುರುವಾಯಿತು. ಆಯಿಲ್‌ನ ಕೆಂಪು ದೀಪ ಹತ್ತಿತು.

"ನಿಲ್ಲಿಸ್ಲಾ ಅಣ್ಣ?"

"ಮಿಲ್ಲು ಇಲ್ಲೇ ಐತೆ, ನಡಿ."

ಬೀಗರ ಗಿರಣಿಯ ಅಂಗಳಕ್ಕೆ ನಾವು ಹಾಗೆ ಬಡಿದುಕೊಳ್ಳುತ್ತಲೇ ಬಂದೆವು. ಹಮಾಲರು ಲಾರಿಯಿಂದ ಭತ್ತದ ಚೀಲ ಇಳಿಸುತ್ತಿದ್ದರು. ಒಬ್ಬ ಚೀಲ ಹೊತ್ತೇ ನಿಂತು, "ಯಜಮಾನ್ರೆ, ನಮ್ಮದೊಂದು ಸಾಲ್ದು ಅಂತ ಕಾರಿನಾಗ ಇನ್ನೊಂದು ಗಿರಣಿ ತಂದ್ರೇನು?" ಎಂದ. ಎಲ್ಲರೂ ನಕ್ಕರು. ಆ ತಗ್ಗಿನ ಕಾರಿನಿಂದ ಏಳಲು ನಾನು ಒಂದು ಕೈಯನ್ನು ನೆಲಕ್ಕೆ ಊರಬೇಕಾಯಿತು. ಅದಕ್ಕೂ ನಕ್ಕರು. ಬೀಗರು ಆಫೀಸಿನಿಂದ ಹೊರಗೆ ಬಂದರು. ನನ್ನ ಸಿಟ್ಟು ಅವರ ಮೇಲೆ ಹರಿಯಿತು.

"ಏನ್ ಬೀಗ್ರೆ, ಸತ್ತ ಇಂಜಿನ್ ನಮ್ಮ ತಲೆಗೆ ಕಟ್ಟಿದ್ರಲ್ಲ. ಹೊರಗಿನೋರಿಗೆ ಮಾರಿದ್ರೆ ತಂದು ಬಾಗಿಲಿಗೆ ಬಿಸಾಕ್ತಿದ್ರು. ಹೆಣ್ಣು ಕೊಟ್ಟೋರು, ಬಾಯಿ ಬಿಡಲ್ಲ ಅಂತ ತಾನೆ?"

ತಮ್ಮ ನನ್ನ ತೋಳು ಹಿಡಿದು, "ಅಣ್ಣ, ಬ್ಯಾಡ" ಎಂದ. ಬೀಗರು ಆಳುಗಳತ್ತ ಒಮ್ಮೆ ನೋಡಿ, "ಒಳಗ ಬರ್ರಿ, ಕೂಡ್ರಿ, ಮಾತಾಡಾಣ" ಎಂದರು. ನಾನು ಹೋಗಲಿಲ್ಲ. ಲಾರಿಯ ಹತ್ತಿರ ಚೀಲ ಎಣಿಸುತ್ತಿದ್ದ ಅಳಿಯ ಲೆಕ್ಕದ ಪುಸ್ತಕ ಹಿಡಿದು ಅಲ್ಲೇ ನಿಂತಿದ್ದ. ಅಂಗಳದ ಆಚೆಗೇ ಅವರ ಮನೆ. ಬಾಗಿಲಲ್ಲಿ ತಮ್ಮನ ಮಗಳು ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋದಳು. ಕಾರನ್ನು ಅಲ್ಲೇ ಬಿಟ್ಟು, ನೀರು ಸಹ ಕುಡಿಯದೆ, ಕೂಸಿನ ಮುಖ ನೋಡದೆ ನಾವು ಬಸ್ ಹತ್ತಿ ಬಂದೆವು.

ಅವಳ ಫೋನು ನಿಂತಿತು. ತಮ್ಮನ ಹೆಂಡತಿ ತಾನೇ ಮಾಡಿ ವಿಚಾರಿಸಿದಾಗ ತಿಳಿಯಿತು: ಬೀಗರು ಮಗನನ್ನು ಕರೆದು, "ಗಾಡಿ ಹಾಳು ಮಾಡಿ ನೆಂಟರಿಗೆ ಕೊಟ್ಟು ನನ್ನ ಮರ್ಯಾದೆ ಕಳೆದೆ" ಎಂದು ಬೈದಿದ್ದಾರೆ, ಅಪ್ಪ ಮಗ ಮಾತು ಬಿಟ್ಟಿದ್ದಾರೆ, ಅವಳ ಅತ್ತೆ "ನಿಮ್ಮ ದೊಡ್ಡಪ್ಪ ನಮ್ಮನ್ನು ಕಳ್ಳರು ಅಂದರಲ್ಲ" ಎಂದು ಹೊತ್ತಿಗೊಂದು ಸಲ ಹೇಳುತ್ತಾರೆ. ಆ ಮನೆಯಲ್ಲಿ ಅವಳು ತಲೆಯೆತ್ತಿ ಓಡಾಡುವುದು ನನ್ನ ಒಂದು ಮಾತಿನಿಂದ ಕಷ್ಟವಾಗಿತ್ತು. ಆಗಲೂ ನನಗೆ ಅನ್ನಿಸಿದ್ದು ಇಷ್ಟೇ: ಮಾತು ಒರಟಾಯಿತು, ಆದರೆ ನಿಜ. ಇಂಜಿನ್ ಬಿಚ್ಚಿದರೆ ಅದು ಎಲ್ಲರಿಗೂ ಗೊತ್ತಾಗುತ್ತದೆ.

ಕಾರನ್ನು ಎಳೆಸಿಕೊಂಡು ದಾವಣಗೆರೆಯ ಗ್ಯಾರೇಜಿಗೆ ತಂದೆವು. ಅಲ್ಲಿಯ ಮೇಸ್ತ್ರಿ ಬಾಯಿ ಜೋರಿನವನು. ಊರಿನ ದೊಡ್ಡ ದೊಡ್ಡ ಕಾರೆಲ್ಲ ತನ್ನ ಕೈಯಲ್ಲೇ ಬದುಕಿವೆ ಎನ್ನುವವನು. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿ ಇಂಜಿನ್‌ಗೆ, ಹಿಡಿ ಕಿವಿಗೆ ಇಟ್ಟು ಕೇಳಿ, "ಒಳಗಿನ ಚೈನ್ ಹೋಗೈತ್ರಿ" ಎಂದ. ಬಿಚ್ಚಿ ನೋಡಿದರೆ ಚೈನು ಚೆನ್ನಾಗಿತ್ತು. "ಹಂಗಾದ್ರೆ ಬ್ಯಾರೆ ಐತೆ" ಎಂದು ನಕ್ಕ. ಇಂಜಿನ್ ಚಾಲೂ ಇಟ್ಟು, ಒಂದೊಂದೇ ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲ್ ಕಳಚಿ ನೋಡು ಎಂದೆ ನಾನು. ಮೂರನೆಯದನ್ನು ಕಳಚಿದಾಗ ಬಡಿತ ತಗ್ಗಿತು. ಅಲ್ಲಿಗೆ ಸ್ಪಷ್ಟವಾಯಿತು: ಪಿಸ್ಟನ್ನಿನ ರಾಡು ಕ್ರ್ಯಾಂಕ್ ಶಾಫ್ಟನ್ನು ಹಿಡಿಯುವ ಜಾಗದ ಬೇರಿಂಗ್ ಹೋಗಿದೆ. ನನ್ನ ಉಪಾಯ ಫಲಿಸಿದ್ದಕ್ಕೆ ನಾನು ಬೀಗಿದೆ ಕೂಡ.

ಆಯಿಲ್ ಬಸಿದಾಗ ಅದು ನೀರಿನ ಹಾಗೆ ಸುರಿಯಿತು.

"ಆಯಿಲ್ ಅಲ್ರಿ ಇದು, ಚಾ! ಹಾಲಿಲ್ದ ಚಾ" ಎಂದ ಮೇಸ್ತ್ರಿ.

ಬೆರಳಿಗೆ ಹಚ್ಚಿ ಮೂಸಿದೆ. ಪೆಟ್ರೋಲ್ ವಾಸನೆ. ಆಯಿಲ್ ನಿಲ್ಲುವ ಕೆಳಗಿನ ಚೇಂಬರ್ ಇಳಿಸಿದರೆ ತಳದಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಮೂರನೆಯ ಬೇರಿಂಗಿನ ಮೇಲ್ಪದರ ಸವೆದು ತಾಮ್ರ ಕಾಣುತ್ತಿತ್ತು; ಶಾಫ್ಟಿನ ಮೇಲೆ ಗೀರುಗಳು.

"ಇಂಜೆಕ್ಟರ್ ಲೀಕ್ ಐತ್ರಿ ಯಜಮಾನ್ರೆ, ಪೆಟ್ರೋಲ್ ಕೆಳಗ ಇಳಿದೈತೆ. ಮಾರಿದೋರಿಗೆ ಗೊತ್ತಿತ್ತು ಬಿಡ್ರಿ. ಬೇಕಾದ್ರೆ ನಾನೇ ಬಂದು ಹೇಳ್ತೀನಿ."

ಅದು ನನಗೆ ಬೇಕಾಗಿದ್ದ ಮಾತು. ಆದರೆ ಪರೀಕ್ಷೆ ಮಾಡದೆ ಯಾವುದನ್ನೂ ಪಾಸು ಮಾಡುವ ಅಭ್ಯಾಸ ನನಗಿಲ್ಲ. ಪೆಟ್ರೋಲ್ ಚಿಮ್ಮಿಸುವ ಆ ಇಂಜೆಕ್ಟರುಗಳನ್ನು ಬಿಚ್ಚಿಸಿ, ಪರೀಕ್ಷೆಯ ಯಂತ್ರಕ್ಕೆ ಹಾಕಿಸಿದೆ. ಒಂದೂ ಸೋರಲಿಲ್ಲ. ಮೇಸ್ತ್ರಿ ಭುಜ ಕುಣಿಸಿ ಚಹಾಕ್ಕೆ ಹೋದ. ನಾನು ಸ್ಟೂಲಿನ ಮೇಲೆ ಕೂತು ಬಸಿದ ಆಯಿಲನ್ನು ನೋಡುತ್ತಿದ್ದೆ. ಸೋರದ ಇಂಜೆಕ್ಟರಿನಿಂದ ಪೆಟ್ರೋಲ್ ಹೇಗೆ ಬಂತು? ಕಾರು ಮನೆಗೆ ಬಂದ ದಿನ ಕಡ್ಡಿಯ ನಡುವೆ ಇದ್ದ ಮಟ್ಟ, ನಾನು ನೋಡಿಕೊಳ್ಳುತ್ತಿದ್ದಾಗ ತಾನೆ ಏರಿದ್ದು? ತಣ್ಣಗಿರುವ ಇಂಜಿನ್ ಚಾಲೂ ಆಗುವಾಗ ಹೆಚ್ಚು ಪೆಟ್ರೋಲ್ ಎಳೆಯುತ್ತದೆ. ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯಿಂದ ಕೆಳಗಿನ ಆಯಿಲಿಗೆ ಇಳಿಯುತ್ತದೆ. ದೂರ ಓಡಿಸಿದರೆ ಇಂಜಿನ್ ಕಾದು ಆ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ನಾನು ಅದು ಕಾಯುವ ಮುಂಚೆಯೇ ಆರಿಸಿ ಪೂಜೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು, ಒಂದು ದಿನವೂ ತಪ್ಪಿಸದೆ. ಹಾಗೆ ತೆಳ್ಳಗಾದ ಆಯಿಲ್ ಹೈವೇಯ ವೇಗಕ್ಕೆ ಬೇರಿಂಗನ್ನು ಕಾಯಲಾರದೆ ಹೋಯಿತು. ಒಂದಿಷ್ಟು ಸೋಮಾರಿಯ ಕೈಗೆ ಸಿಕ್ಕಿದ್ದರೆ ಆ ಇಂಜಿನ್ ಉಳಿಯುತ್ತಿತ್ತು. ಅಳಿಯ ಫೋನಿನಲ್ಲಿ ಹೇಳಿದ್ದು ಇದನ್ನೇ. ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗಿರಣಿಯ ಅಂಗಳದಲ್ಲಿ ಇಬ್ಬರೂ ಬಾಯಿ ಬಿಡಲಿಲ್ಲ.

ಗ್ಯಾರೇಜಿನಲ್ಲಿ ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಆದರೂ ಎದ್ದು ಹೊರಗೆ ಬಂದೆ.

ತಮ್ಮನಿಗೆ ಹೇಳಿದೆ. ಅವನು ಮಂಡಿ ನೀವಿಕೊಳ್ಳುತ್ತ ಕೇಳಿಸಿಕೊಂಡ. "ಹೋಗ್ಲಿ ಬಿಡು ಅಣ್ಣ. ಮಷಿನ್ ಅಂದ್ಮ್ಯಾಲೆ ಕೆಡ್ತೈತೆ. ಅವ್ರಿಗೆ ಏನೂ ಹೇಳ್ಬ್ಯಾಡ, ಸರಿ ಮಾಡ್ಸಾಣ. ಈ ವಯಸ್ಸಿನಾಗ ನಿನ್ನ ಹೆಸರು ಯಾಕ ಕೆಡಬೇಕು?" ಕಾರು ಅವನದು, ಆಸೆ ಅವನದು. ಒಂದು ಗಡುಸು ಮಾತನ್ನೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಶಾಫ್ಟನ್ನು ಸಾಣೆ ಹಿಡಿಸಬೇಕಾಗಿತ್ತು. ಹರಿಹರದಲ್ಲಿ ನನಗೆ ಪರಿಚಯದ ಒಂದು ಗ್ರೈಂಡಿಂಗ್ ಶೆಡ್ ಇದೆ. ಗೋಣಿಚೀಲದಲ್ಲಿ ಸುತ್ತಿ, ಆಟೊದಲ್ಲಿ ಹಾಕಿಕೊಂಡು ನಾನೇ ಹೋದೆ. ಶೆಡ್ಡಿನಲ್ಲಿ ಒಪ್ಪಿಸಿ, ಎಷ್ಟು ತೆಗೆಯಬೇಕೆಂದು ಹೇಳಿ, ಅಲ್ಲಿಂದ ಗಿರಣಿಗೆ ನಡೆದೆ. ಬೀಗರು ಆಫೀಸಿನಲ್ಲಿದ್ದರು. ಒಳಗೆ ಹೋಗಿ ಮೆಲ್ಲಗೆ ಹೇಳಿ ಮುಗಿಸಬಹುದಿತ್ತು. ಆದರೆ ನಾನು ಬೈದದ್ದು ಅಂಗಳದಲ್ಲಿ. ಅವರನ್ನು ಹೊರಗೆ ಕರೆದೆ.

"ಬೀಗ್ರೆ, ಇಂಜಿನ್ ಕೆಡಿಸಿದ್ದು ನೀವಲ್ಲ, ನಿಮ್ಮ ಮಗನೂ ಅಲ್ಲ. ನಾನು. ನಿಮ್ಮ ಮಗ ಬ್ಯಾಡ ಅಂದಿದ್ದನ್ನೇ ದಿನಾ ಮಾಡಿದೆ. ಅವತ್ತು ಇಲ್ಲಿ ನಿಂತು ಅಂದಿದ್ದೆಲ್ಲ ನನ್ನ ತಪ್ಪು."

ಲಾರಿಯ ಮೇಲಿದ್ದ ಹಮಾಲ ಕೆಳಗಿನವನನ್ನು, "ಏನಂತೋ?" ಎಂದು ಕೇಳಿದ.

"ತಪ್ಪು ಅವರ್ದೇ ಅಂತೆ."

"ಮತ್ತೆ ಅವತ್ತು ಅಷ್ಟು ಬಾಯಿ ಮಾಡಿದ್ರು!"

ಬೀಗರು ಅವನನ್ನು ಗದರಿಸಿ, ನನ್ನ ಕೈ ಹಿಡಿದು, "ಆತು ಬಿಡ್ರಿ, ಇದೇನು ದೊಡ್ಡದು, ಊಟಕ್ಕೇಳ್ರಿ" ಎಂದರು. ಆದರೆ ಅವರ ಕಣ್ಣು ಮಗನನ್ನು ಹುಡುಕುತ್ತಿತ್ತು. ಚೀಲಗಳ ಹತ್ತಿರ ನಿಂತಿದ್ದ ಅಳಿಯ ನೆಲ ನೋಡುತ್ತಿದ್ದ. ನಾನು ಅಪ್ಪ ಮಗನ ನಡುವೆ ಹಾಕಿದ್ದನ್ನು ನನ್ನ ಒಂದು ಮಾತು ತೆಗೆಯಲಾರದು ಎಂದು ಆಗ ಗೊತ್ತಾಯಿತು.

ಒಳಗೆ ತಮ್ಮನ ಮಗಳು ತಟ್ಟೆ ಹಾಕಿದಳು. ಅತ್ತೆ ಅಡುಗೆಮನೆಗೆ ಹೋದಾಗ ಕೇಳಿದೆ, "ಅವತ್ತೇ ಯಾಕವ್ವ ಹೇಳ್ಲಿಲ್ಲ?"

"ಅಷ್ಟು ಮಂದಿ ಮುಂದೆ ನಿಮಗ ಹೆಂಗೆ ಹೇಳ್ಲಿ ದೊಡ್ಡಪ್ಪ? ಇವ್ರಿಗೂ ನಾನೇ ಬ್ಯಾಡ ಅಂದೆ" ಎಂದಳು. ನನ್ನ ಮರ್ಯಾದೆ ಉಳಿಸಲು ಗಂಡನನ್ನು ಬೈಸಿಕೊಳ್ಳಲು ಬಿಟ್ಟಿದ್ದಳು.

ಸಾಣೆ ಹಿಡಿದ ಶಾಫ್ಟಿಗೆ ಹೊಂದುವ ಬೇರಿಂಗುಗಳು ಹೊರದೇಶದಿಂದ ಬರಲು ವಾರಗಳೇ ಹಿಡಿದವು. ಬಂದ ಮೇಲೆ ನಾನೇ ಮೈಕ್ರೋಮೀಟರ್ ಹಿಡಿದು ಪ್ರತಿಯೊಂದನ್ನೂ ಅಳೆದೆ. ಆಯಿಲ್ ಪಂಪಿನ ಜರಡಿ ಬದಲಾಯಿಸಿ, ಆಯಿಲಿನ ಹಾದಿಗಳನ್ನೆಲ್ಲ ತೊಳೆಸಿದೆ. ಇಂಜಿನ್ ಕೂರಿಸಿ ಚಾಲೂ ಮಾಡಿದಾಗ ಬಡಿತವಿರಲಿಲ್ಲ. ಮೇಸ್ತ್ರಿ, "ನನ್ನ ಕೈ ನೋಡ್ರಿ" ಎಂದ. ಅಳಿಯನೇ ಬಂದು ಕಾರನ್ನು ನಿಧಾನವಾಗಿ ಓಡಿಸಿ ಪಳಗಿಸಿದ. ಕೊಂಡಜ್ಜಿ ಕೆರೆಯವರೆಗೆ ಒಂದು ಸಲ ನನ್ನನ್ನೂ ಕೂರಿಸಿಕೊಂಡು ಹೋದ. ಹೋಗುವಾಗಲೂ ಬರುವಾಗಲೂ ಆ ಸಂಗತಿ ಎತ್ತಲಿಲ್ಲ. ಈಗ ಕೀಲಿ ತಮ್ಮನ ಹತ್ತಿರವೇ ಇದೆ. ನನ್ನ ಕೈಗೆ ಕೊಡು ಎಂದು ನಾನೂ ಕೇಳಿಲ್ಲ.

ಬೀಗರ ಮನೆಗೆ ಹೋಗಿ ಬರುವುದು ಮತ್ತೆ ನಡೆದಿದೆ. ಮೊನ್ನೆ ಹೋದಾಗ ಕೂಸು ಅಳುತ್ತಿತ್ತು. ಅಭ್ಯಾಸಬಲದಿಂದ ನನ್ನ ಬಾಯಿಂದ ಬಂತು: "ಅತ್ತಾಗೆಲ್ಲ ಹಾಲು ಕೊಡಬಾರ್ದವ್ವ. ಹೊತ್ತಿಗೆ ಸರಿಯಾಗಿ ಕೊಟ್ರೆ ಶಿಸ್ತು ಬರ್ತೈತೆ."

ಮೊದಲಾಗಿದ್ದರೆ ತಮ್ಮನ ಮಗಳು ಸುಮ್ಮನಿರುತ್ತಿರಲಿಲ್ಲ. ನೀವು ಎಷ್ಟು ಮಕ್ಕಳನ್ನ ಸಾಕಿದೀರಿ ಎಂದು ಕೇಳಿ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ನಾನು ಅದಕ್ಕೇ ಕಾದೆ.

"ಆತು ದೊಡ್ಡಪ್ಪ" ಎಂದಳು. ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಅಳು ನಿಂತಿತು.