ಟ್ಯಾಂಕರಿನಡಿ ಸಿಕ್ಕ ಮರಿ, ಕಿವಿಯ ಕುಚ್ಚು

ನನ್ನ ಅಳಿಯನನ್ನು ಕಣ್ತುಂಬ ನಿದ್ದೆ ಮಾಡಿ ಎದ್ದ ಮುಖದಲ್ಲಿ ನಾನು ನೋಡಿದ್ದೇ ಇಲ್ಲ. ಹಾಲಿನ ಟ್ಯಾಂಕರ್ ಓಡಿಸುವವನ ಹಣೆಬರಹವೇ ಅಷ್ಟು. ಊರು ಏಳುವ ಮೊದಲೇ ಹೊರಡಬೇಕು, ಒಂದಾದ ಮೇಲೊಂದು ದನದ ಫಾರಂ ಸುತ್ತಬೇಕು. ಪ್ರತಿ ಕಡೆಯೂ ತೊಟ್ಟಿಯ ಮುಚ್ಚಳ ತೆಗೆದು ಹಾಲಿನ ವಾಸನೆ ನೋಡಬೇಕು, ಚಿಕ್ಕ ಬಾಟಲಿಯಲ್ಲಿ ಸ್ಯಾಂಪಲ್ ಹಿಡಿಯಬೇಕು, ಆಮೇಲೆ ಆ ದಪ್ಪ ಪೈಪನ್ನು ಹೆಗಲ ಮೇಲೆ ಹೊತ್ತು ಎಳೆದು ಜೋಡಿಸಬೇಕು. ಒಂದು ಕಡೆಯ ಹುಳಿ ಹಾಲು ಗೊತ್ತಾಗದೆ ಒಳಗೆ ಹೋಯಿತೋ, ಟ್ಯಾಂಕರಿನ ಹಾಲೆಲ್ಲ ಚರಂಡಿ ಪಾಲು. ಹಾಗಾಗಿ ಮನೆಯಲ್ಲಿ ಲೋಟ ಕೈಗೆ ಕೊಟ್ಟರೂ ಅವನು ಮೊದಲು ಮೂಸುತ್ತಾನೆ, ಆಮೇಲೆ ಕುಡಿಯುತ್ತಾನೆ. ನಾನು ಕಾಯಿಸಿದ ಹಾಲನ್ನು ಮೂಸುವುದೆಂದರೆ! ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಉರಿದುಕೊಳ್ಳುವುದಕ್ಕೂ ಸುಸ್ತು.

ನಮ್ಮದು ಸುಸ್ತಿನ ಮನೆಯೇ. ನನ್ನ ಮಗಳು ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ಅಂಗಿಗೆ ಕಾಲರ್ ಕೂರಿಸುತ್ತಾಳೆ; ಸಂಜೆ ಬಂದರೆ ಕತ್ತು ತಿರುಗಿಸಲಾರಳು. ನನಗೆ ಮಂಡಿ ನೋವು. ಎರಡನೇ ಮಹಡಿಗೆ ಹತ್ತಿ ಬರುವಷ್ಟರಲ್ಲಿ ಜೀವ ಬಾಯಿಗೆ ಬಂದಿರುತ್ತದೆ. ಇದ್ದುದರಲ್ಲಿ ಚುರುಕು ಎಂದರೆ ಮೊಮ್ಮಗಳು ಚಿಟ್ಟಿ. ಹೈಸ್ಕೂಲಿಗೆ ಈಗಷ್ಟೇ ಕಾಲಿಟ್ಟಿದ್ದಾಳೆ. ಮೊರದಗಲ ಕಿವಿ, ನಮ್ಮ ಕಡೆ ಯಾರಿಗೂ ಅಂಥ ಕಿವಿ ಇಲ್ಲ. ಅವಳೂ ಈಗೀಗ ಹಾಲನ್ನು ಮೂಸಿಯೇ ಕುಡಿಯುವುದು. ಒಬ್ಬನ ಕಾಟ ಸಾಲದು ಎಂದು ಇಬ್ಬರಾದರು.

ಹಾಗೆ ನೋಡಿದರೆ ಚಿಟ್ಟಿ ಈ ಅಳಿಯನಿಗೆ ಹುಟ್ಟಿದವಳಲ್ಲ, ನನ್ನ ಮಗಳ ಮೊದಲ ಗಂಡನಿಗೆ ಹುಟ್ಟಿದವಳು. ಆ ಮಹಾನುಭಾವ ಮಗು ಇನ್ನೂ ಅಂಬೆಗಾಲಿಡುತ್ತಿರುವಾಗ ಹೇಳದೆ ಕೇಳದೆ ಎದ್ದು ಹೋದ. ಅವನದೊಂದು ಫೋಟೋವನ್ನೂ ನನ್ನ ಮಗಳು ಇಟ್ಟುಕೊಳ್ಳಲಿಲ್ಲ. ಈ ಡ್ರೈವರ್ ಮನೆಗೆ ಬಂದಾಗ ಚಿಟ್ಟಿ ಆಗಷ್ಟೇ ಶಾಲೆಗೆ ಸೇರಿದ್ದಳು. ಮಾಮ ಎಂದು ಕರೆದಳು, ಅದೇ ಉಳಿಯಿತು. ಅವಳ ಶೂ ಲೇಸ್ ಕಟ್ಟಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಅವಳ ಪರವಾಗಿ ಲೆಕ್ಕದ ಮೇಷ್ಟ್ರ ಹತ್ತಿರ ಬೈಸಿಕೊಂಡು ಬಂದಿದ್ದು ಎಲ್ಲ ಈ ಮಾಮನೇ.

ಹೀಗಿರುವಾಗ ಆ ಮಹಾನುಭಾವನ ಫೋನ್ ಬಂತು. ಈಗ ಬುದ್ಧಿ ಬಂದಿದೆಯಂತೆ. ಮಗಳನ್ನು ಒಂದು ಸಲ ನೋಡಬೇಕಂತೆ. ಅವಳು ಒಪ್ಪಿದರೆ ರಜೆಯಲ್ಲಿ ತನ್ನ ಹತ್ತಿರವೇ ಇಟ್ಟುಕೊಳ್ಳುವ ಆಸೆಯಂತೆ. ಅಂತೆ ಅಂತೆ! ನಾನಾಗಿದ್ದರೆ ಫೋನಿನಲ್ಲೇ ನೀರಿಳಿಸುತ್ತಿದ್ದೆ. ನನ್ನ ಮಗಳು ಚಿಟ್ಟಿಯನ್ನು ಕೂರಿಸಿಕೊಂಡು, "ನಿಂಗೆ ಹೇಗನ್ಸತ್ತೋ ಹಾಗೆ ಮಾಡು, ನಾವ್ಯಾರೂ ಬೇಜಾರು ಮಾಡ್ಕೊಳ್ಳಲ್ಲ" ಎಂದಳು. ಚಿಟ್ಟಿ ಪುಸ್ತಕದ ಚೀಲ ಎತ್ತಿಕೊಂಡು ಒಳಗೆ ಹೋದಳು. ಗೋಡೆಗೊರಗಿ ಸಾಕ್ಸ್ ಬಿಚ್ಚುತ್ತಿದ್ದ ಅಳಿಯ ಒಂದು ಕಾಲಿನದು ಬಿಚ್ಚಿ, ಇನ್ನೊಂದು ಕಾಲನ್ನು ಮರೆತು ಹಾಗೇ ಕೂತುಬಿಟ್ಟ. ಈ ಹುಡುಗಿ ಕೈಬಿಟ್ಟು ಹೋದರೆ ಇವನು ನೆಲ ಹಿಡಿಯುತ್ತಾನೆ ಎಂದು ನನಗೆ ಅವತ್ತೇ ಅನ್ನಿಸಿತು.

ಬೆಕ್ಕಿನ ಮರಿ ಬಂದದ್ದು ಅದೇ ವಾರ. ಕೊನೆಯ ಫಾರಂನಲ್ಲಿ ಹಾಲು ತುಂಬಿಸಿ, ಇಂಜಿನ್ ಆಫ್ ಮಾಡಿ, ಅಳಿಯ ಪೈಪ್ ತೊಳೆಯುತ್ತಿದ್ದನಂತೆ. ಎಲ್ಲಿಂದಲೋ ಮಿಯಾಂವ್ ಎಂದು ಕೇಳಿಸಿತಂತೆ. ಬಗ್ಗಿ ನೋಡಿದರೆ ಟ್ಯಾಂಕರಿನ ಅಡಿಯಲ್ಲಿ ತೂಗುಹಾಕಿದ ಸ್ಟೆಪ್ನಿ ಚಕ್ರದ ಗುಳಿಯೊಳಗೆ ಗ್ರೀಸ್ ಮೆತ್ತಿಕೊಂಡ ಒಂದು ಹಿಡಿ ಮರಿ. ಫಾರಂ ಯಜಮಾನ, "ನಮ್ಮಲ್ಲಿ ಬೆಕ್ಕು ಎಷ್ಟಿವೆ ಅಂತ ನಂಗೇ ಗೊತ್ತಿಲ್ಲ, ತಗೊಂಡ್ಹೋಗಪ್ಪ" ಎಂದನಂತೆ.

"ಇರೋರಿಗೇ ಕಾಲು ಚಾಚೋಕೆ ಜಾಗ ಇಲ್ಲ, ಇದೊಂದು ಬೇರೆ ಕೇಡು!" ಎಂದೆ ನಾನು. ನನ್ನ ಮಾತು ಯಾರು ಕೇಳುತ್ತಾರೆ? ಚಿಟ್ಟಿ ಆಗಲೇ ಬಕೆಟ್ಟಿಗೆ ಬಿಸಿನೀರು ಬಿಟ್ಟಿದ್ದಳು.

ತೊಳೆದು ಒರೆಸಿ ಒಣಗಿಸಿದ ಮೇಲೆ ಅದರ ನಿಜವಾದ ರೂಪ ಕಂಡಿತು. ಮೈಮೇಲೆ ಕಂದು ಪಟ್ಟೆ, ಕುತ್ತಿಗೆಗೆ ಮಫ್ಲರ್ ಸುತ್ತಿದಂತೆ ಉದ್ದ ಕೂದಲು, ಮೈಗೆ ಹೊಂದದ ದಪ್ಪ ಪಾದ. ಕಿವಿಯ ತುದಿಯಲ್ಲಿ ಒಂದೊಂದು ಕುಚ್ಚು. ಫಾರಂ ಬೆಕ್ಕು ಹೀಗಿರುತ್ತದೆಯೇ? ಅಲ್ಲಿಂದ ಶುರುವಾಯಿತು ನೋಡಿ. ಕೆಳಗಿನ ಮನೆಯ ಟೈಲರ್ ಬಂದು, "ಇದು ಕಾಡುಬೆಕ್ಕಿನ ರಕ್ತ, ಬೆಳೆದ ಮೇಲೆ ಕೈ ಕಚ್ಚತ್ತೆ" ಎಂದು ಹೆದರಿಸಿ ಹೋದ. ಪ್ರಾಣಿಗಳ ಆಹಾರ ಮಾರುವವನು ಪರ್ಷಿಯನ್ ಮಿಕ್ಸ್ ಎಂದ. ಅವನಿಗೆ ಎಲ್ಲವೂ ಮಿಕ್ಸೇ, ಡಬ್ಬ ಖಾಲಿಯಾದರೆ ಸರಿ. ಚಿಟ್ಟಿ ಫೋನಿನಲ್ಲಿ ತಣ್ಣನೆಯ ದೇಶದ ದೊಡ್ಡ ದೊಡ್ಡ ಬೆಕ್ಕುಗಳ ಚಿತ್ರ ತೆಗೆದು, ಮರಿಯ ಮುಖವನ್ನು ಪಕ್ಕದಲ್ಲಿ ಹಿಡಿದು ಹೋಲಿಸಿದ್ದೇ ಹೋಲಿಸಿದ್ದು. ಪಶುವೈದ್ಯೆ ಚುಚ್ಚುಮದ್ದು ಹಾಕಿ, "ನೋಡಮ್ಮ, ಇದರ ಅಪ್ಪ ಅಮ್ಮನ್ನ ನೋಡ್ದೆ ಯಾವ ತಳಿ ಅಂತ ನಾನು ಹೇಗೆ ಹೇಳ್ಲಿ? ಆರೋಗ್ಯವಾಗಿದೆ, ಅಷ್ಟು ಸಾಕು" ಎಂದಳು.

ಅಷ್ಟು ಸಾಕಾಗಲಿಲ್ಲ. "ಮಾಮ, ಇದು ಯಾರ ಥರ ಇದೆ? ನೀವು ದಿನಾ ಹೋಗ್ತೀರಲ್ಲ, ಇದರ ಅಮ್ಮನ್ನ ನೋಡ್ಕೊಂಡು ಬನ್ನಿ. ಅಪ್ಪ ಎಲ್ಲಿದೆ ಅಂತ ಕೇಳಿ" ಎಂದು ಅವಳು ಅಳಿಯನ ಬೆನ್ನು ಹತ್ತಿದಳು. ನನಗೇನು ಕಣ್ಣು ಕಾಣುವುದಿಲ್ಲವೇ? ಅವಳು ಕೇಳುತ್ತಿದ್ದುದು ಬೆಕ್ಕಿನ ವಿಷಯ ಒಂದನ್ನೇ ಅಲ್ಲ. ಆ ಫೋನ್ ಬಂದ ಮೇಲೆ ಅವಳು ಕನ್ನಡಿಯ ಮುಂದೆ ನಿಂತು ಕೂದಲನ್ನು ಕಿವಿಯ ಹಿಂದೆ ಸರಿಸಿ ಸರಿಸಿ ನೋಡಿಕೊಳ್ಳುವುದನ್ನು ನಾನು ನೋಡುತ್ತಲೇ ಇದ್ದೆ.

ಅಳಿಯ ಕೊನೆಯ ಫಾರಂನಲ್ಲಿ ಕೊಟ್ಟಿಗೆ, ಹುಲ್ಲಿನ ಅಟ್ಟ, ನೀರಿನ ಪಂಪಿನ ಕೋಣೆ ಎಲ್ಲ ಜಾಲಾಡಿದ. ಅಲ್ಲಿದ್ದವೆಲ್ಲ ನುಣ್ಣನೆ ಮೈಯ ಕಪ್ಪು ಬೆಕ್ಕುಗಳು. ಮನೆಗೆ ಬಂದರೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ನಾನು ಬಿಸಿನೀರಿನ ಚೀಲ ಕೊಡುತ್ತಾ, "ಅಳಿಯಂದ್ರೇ, ನಿಮಗ್ಯಾಕೆ ಈ ಉಸಾಬರಿ? ಬೆಕ್ಕು ಬೆಕ್ಕೇ ಅಂತ ಒಂದ್ಮಾತು ಹೇಳಿ ಮುಗಿಸಬಾರ್ದಾ?" ಎಂದೆ.

"ಈ ನಡುವೆ ಅವಳು ನನ್ನ ಕೇಳಿರೋದು ಇದೊಂದೇ ಅತ್ತೆ" ಎಂದ. "ಇನ್ನೊಂದನ್ನ ನನ್ನ ಹತ್ರ ಕೇಳಲ್ಲ. ಇದಾದ್ರೂ ಹುಡುಕಿ ಕೊಡ್ತೀನಿ."

ನಾನು ಇನ್ನೊಂದು ಪಾತ್ರೆ ನೀರು ಕಾಯಲು ಇಟ್ಟೆ.

ಗಂಟು ಬಿಚ್ಚಿದವಳು ಚಿಟ್ಟಿಯೇ. ಒಂದು ಸಂಜೆ ಮರಿಗೆ ದಾರದ ತುದಿ ಆಡಿಸುತ್ತಾ, "ಮಾಮ, ಬೇರೆ ಫಾರಂಗಳಲ್ಲಿ ನೀವು ಇಂಜಿನ್ ಆಫ್ ಮಾಡಲ್ವಾ?" ಎಂದಳು.

"ಆಫ್ ಮಾಡಿದ್ರೆ ಪಂಪ್ ಹೇಗೆ ಓಡತ್ತೆ? ಹಾಲು ಎಳೆಯೋದೇ ಇಂಜಿನ್ನಿಂದ. ಕೊನೇಲಿ ತೊಳೆಯೋವಾಗ ಮಾತ್ರ ಆಫ್."

"ಮತ್ತೆ ಅಷ್ಟು ಸದ್ದಿನಲ್ಲಿ ಇದು ಮೊದಲಿಂದ ಕೂಗ್ತಾ ಬಂದಿದ್ರೂ ನಿಮಗೆ ಕೇಳಿಸ್ತಿತ್ತಾ?"

ಅಳಿಯ ಹಣೆ ಚಚ್ಚಿಕೊಂಡ. ಇಷ್ಟು ವರ್ಷ ಟ್ಯಾಂಕರ್ ಓಡಿಸಿ, ಆ ಗಡಗಡ ಸದ್ದು ಅವನ ಕಿವಿಗೆ ಸದ್ದೇ ಅಲ್ಲದಂತಾಗಿತ್ತು. ಮರಿ ಕೂಗು ಮೊದಲು ಕೇಳಿದ ಜಾಗವನ್ನೇ ಅದು ಹುಟ್ಟಿದ ಜಾಗ ಎಂದುಕೊಂಡು, ಪಾಪ, ಬೆನ್ನು ಮುರಿದುಕೊಂಡು ಅಲ್ಲೇ ಹುಡುಕಿದ್ದ. ನನಗೆ ನಗು ಬಂತು, ನಕ್ಕೆ. ಅವನೂ ನಕ್ಕ. ಆ ಫೋನ್ ಬಂದ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು.

ಮರುದಿನದಿಂದ ಅವನು ಎಲ್ಲ ಫಾರಂಗಳಲ್ಲೂ ಕಿವಿಯ ಕುಚ್ಚಿನ ಬೆಕ್ಕನ್ನು ವಿಚಾರಿಸತೊಡಗಿದ. "ಏನು ಡ್ರೈವರ್ ಸಾಹೇಬ್ರೇ, ಬೆಕ್ಕಿಗೆ ಗಂಡು ಹುಡುಕ್ತಿದ್ದೀರಾ?" ಎಂದು ಹಾಲು ಕರೆಯುವವರೆಲ್ಲ ಕಾಲೆಳೆದರಂತೆ. ಕೊನೆಗೆ ಎರಡನೇ ಫಾರಂನ ಯಜಮಾನಿ, "ಅಯ್ಯೋ, ನಮ್ಮ ಬೆಕ್ಕು ಬೂದಿಯ ಮರಿ ಅದು! ಕಳೆದುಹೋಯ್ತು ಅಂತ ಅದು ಕೂಗಿ ಕೂಗಿ ಗಂಟಲು ಹರ್ಕೊಂಡಿತ್ತು" ಎಂದಳಂತೆ.

ಇಲ್ಲಿ ಅವನು ಸುಮ್ಮನಿದ್ದುಬಿಡಬಹುದಿತ್ತು. ಸಿಗಲಿಲ್ಲ ಎಂದಿದ್ದರೆ ಯಾರು ಹೋಗಿ ನೋಡುತ್ತಿದ್ದರು? ಹೆತ್ತವರನ್ನು ನೋಡುವ ಆಸೆಗೆ ತಾನೇ ಬಾಗಿಲು ತೆಗೆದುಕೊಟ್ಟರೆ ಅದು ಬೆಕ್ಕಿನಲ್ಲೇ ನಿಲ್ಲುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಬಂದವನೇ ಬೂಟು ಕೂಡ ಬಿಚ್ಚದೆ ಬಾಗಿಲಲ್ಲೇ ಹೇಳಿದ, "ಚಿಟ್ಟಿ, ಸಿಕ್ತು."

ಶಾಲೆಗೆ ರಜೆ ಇದ್ದ ದಿನ ಚಿಟ್ಟಿ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊರಟಳು. ನಾನೂ ಬರುತ್ತೇನೆಂದೆ. ಟ್ಯಾಂಕರ್ ಹತ್ತುವುದೆಂದರೆ ನನ್ನ ಮಂಡಿಗೆ ಬೆಟ್ಟ ಹತ್ತಿದಂತೆ. ಅತ್ತೆಯನ್ನು ಹಿಂದಿನಿಂದ ನೂಕುವ ಧೈರ್ಯ ಯಾವ ಅಳಿಯನಿಗಿದೆ? ಅವನು ಅಡುಗೆಮನೆಯ ಸ್ಟೂಲ್ ತಂದಿಟ್ಟು, ಎರಡೂ ಕೈ ಚಾಚಿ, ನೆಲ ನೋಡುತ್ತಾ ನಿಂತ.

ಯಜಮಾನಿ ನಮ್ಮನ್ನು ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋದಳು. ಬೂದಿ ಅಲ್ಲಿ ಗೋಣಿಚೀಲದ ಮೇಲೆ ಮಲಗಿತ್ತು. ಸಾದಾ ಬೂದು ಬೆಕ್ಕು, ಕುಚ್ಚಿಲ್ಲ, ಮಫ್ಲರ್ ಇಲ್ಲ. ಚಿಟ್ಟಿ ಮರಿಯನ್ನು ಅದರ ಮುಂದೆ ಬಿಟ್ಟಳು. ಬೂದಿ ಒಮ್ಮೆ ಮೂಗು ಚಾಚಿತು, ಬೆನ್ನು ಬಿಲ್ಲು ಮಾಡಿತು, ಉಸ್ಸೆಂದು ಪಂಜ ಎತ್ತಿತು. ಮರಿ ಹೆದರಿ ಓಡಿದ್ದು ಎಲ್ಲಿಗೆ? ನೇರ ಅಳಿಯನ ಬೂಟಿನ ಹತ್ತಿರ.

"ಹೆತ್ತ ಅಮ್ಮ ಹೀಗಾ ಮಾಡೋದು?" ಚಿಟ್ಟಿ ಬಗ್ಗಿ ಮರಿಯನ್ನು ಎತ್ತಿಕೊಂಡಳು.

"ಅದರ ಮೇಲೆ ಕೋಪ ಮಾಡ್ಕೋಬೇಡಮ್ಮ" ಎಂದಳು ಯಜಮಾನಿ. "ಮರಿಗೆ ಈಗ ನಿಮ್ಮನೆ ವಾಸನೆ. ಬೂದಿಗೆ ಗುರುತು ಸಿಗ್ತಿಲ್ಲ, ಅಷ್ಟೇ. ನೀವೇ ಸಾಕ್ಕೊಳ್ಳಿ."

"ಮತ್ತೆ ಇದರ ಅಪ್ಪ?"

ಯಜಮಾನಿ ಹುಲ್ಲಿನ ಮೆದೆಯ ಕಡೆ ಕೈ ತೋರಿಸಿದಳು. ಮೇಲೊಂದು ದಡೂತಿ ಗಂಡುಬೆಕ್ಕು ಬಿಸಿಲಿಗೆ ಮೈ ಕಾಯಿಸುತ್ತಿತ್ತು. ಕಂದು ಪಟ್ಟೆ, ದಪ್ಪ ಪಾದ, ಒಂದು ಕಿವಿ ಹರಿದಿದೆ, ಇನ್ನೊಂದರ ತುದಿಯಲ್ಲಿ ಕುಚ್ಚು. "ಅದು ಯಾರ ಮನೇದೂ ಅಲ್ಲ. ಯಾರೋ ಕಾರಿನಲ್ಲಿ ತಂದು ಬಿಟ್ಟುಹೋದ್ರು ಅಂತಾರೆ, ಯಾವ ಜಾತಿಯೋ ಏನೋ. ಮನಸ್ಸು ಬಂದಾಗ ಬರತ್ತೆ, ಹೋಗತ್ತೆ." ಆ ಬೆಕ್ಕು ಚಿಟ್ಟಿಯನ್ನು ಒಂದು ಸಲ ನೋಡಿ ಕಣ್ಣು ಮುಚ್ಚಿಕೊಂಡಿತು. ಅವಳು ಮಾತ್ರ ಅದನ್ನು ತುಂಬಾ ಹೊತ್ತು ನೋಡುತ್ತಾ ನಿಂತಳು. ಅಳಿಯ ಅವಸರ ಮಾಡಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಅವಳು, "ಮಾಮ, ಈ ಭಾನುವಾರ ನಾನು ಅವರನ್ನ ನೋಡೋಕೆ ಹೋಗ್ತೀನಿ" ಎಂದಳು. ಗೇರ್ ಕರಕರ ಎಂದಿತು. "ನೀವೇ ಬಿಡ್ಬೇಕು."

"ಬಿಡ್ತೀನಮ್ಮ" ಎಂದ ಅಳಿಯ. ಅಷ್ಟೇ ಎಂದ.

ಭಾನುವಾರ ಹಾಲು ಇಳಿಸಿ, ಟ್ಯಾಂಕರ್ ತೊಳೆದು, ಅದರಲ್ಲೇ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ನನ್ನ ಮಗಳಿಗೆ ಓವರ್‌ಟೈಮ್ ಬಿದ್ದಿತ್ತು. ಬಿದ್ದಿತ್ತೋ, ತಾನೇ ಹಾಕಿಸಿಕೊಂಡಳೋ, ನಾನು ಕೆದಕಲಿಲ್ಲ. ಆ ಮಹಾನುಭಾವ ಬರಹೇಳಿದ್ದ ಹೋಟೆಲಿನ ಎದುರು ಬದಿಯಲ್ಲಿ ನಿಲ್ಲಿಸಿದೆವು. ಚಿಟ್ಟಿ ಮರಿಯನ್ನು ನನ್ನ ಮಡಿಲಿಗೆ ಹಾಕಿ, ರಸ್ತೆ ದಾಟಿ ಒಳಗೆ ಹೋದಳು. ಅಳಿಯ ತಕ್ಷಣ ಇಂಜಿನ್ ಆಫ್ ಮಾಡಿದ.

"ಸೆಕೆ ಆಗತ್ತಲ್ಲ, ಫ್ಯಾನಾದ್ರೂ ಓಡ್ಲಿ" ಎಂದು ಗೊಣಗಿದೆ.

"ಬೇಡ ಅತ್ತೆ. ಆಫ್ ಇದ್ರೆ ಅವಳು ಕರೆದ್ರೆ ಕೇಳಿಸತ್ತೆ."

ನಿಂತಲ್ಲೇ ನಿದ್ದೆ ಹೋಗುವ ಮನುಷ್ಯ ಅವತ್ತು ರೆಪ್ಪೆ ಮುಚ್ಚಲಿಲ್ಲ. ಕಣ್ಣು ಕೆಂಡ, ಕೈ ಸ್ಟೇರಿಂಗ್ ಮೇಲೆ, ದೃಷ್ಟಿ ಆ ಗಾಜಿನ ಬಾಗಿಲ ಮೇಲೆ. ಅವಳು ಬರದೇ ಹೋದರೆ ಎಂದು ನಾನೂ ಆ ಬಾಗಿಲನ್ನೇ ನೋಡುತ್ತಿದ್ದೆ. ಬೆಕ್ಕು ಮಾತ್ರ ನನ್ನ ಸೆರಗು ಪರಚುತ್ತಾ ಆರಾಮಾಗಿತ್ತು.

ಕಡೆಗೂ ಬಂದಳು. ಹತ್ತಿ ನಮ್ಮಿಬ್ಬರ ನಡುವೆ ಕೂತು ಮರಿಯನ್ನು ಎತ್ತಿಕೊಂಡಳು.

"ಕಿವಿ ಅವರದೇ ಮಾಮ" ಎಂದಳು. "ಥೇಟ್ ನನ್ನ ಥರ."

"ಹೌದಾ" ಎಂದ ಅಳಿಯ.

"ರಜೆಗೆ ಬಂದು ಇರು ಅಂದ್ರು. ಇರೋಕಾಗಲ್ಲ, ಯಾವಾಗಾದ್ರೂ ಬಂದು ನೋಡ್ಕೊಂಡು ಹೋಗ್ತೀನಿ ಅಂದೆ." ಅವಳು ಮರಿಯ ಕುಚ್ಚನ್ನು ಬೆರಳಿನಿಂದ ನೇವರಿಸಿದಳು. "ನಂಗೆ ಹಾಲು ತರಿಸಿದ್ರು. ಮೂಸಿ ಕುಡಿದೆ. ಅವರು ನಕ್ಕುಬಿಟ್ಟು, ಇದ್ಯಾರ ಅಭ್ಯಾಸ ಅಂದ್ರು. ನಮ್ಮನೇಲಿ ಹೀಗೇ, ನಮ್ಮ ಮಾಮಂದು ಅಂದೆ."

ಅಳಿಯ ಕೀಗೆ ಕೈ ಹಾಕಿದ. ತಿರುಗಿಸಲಿಲ್ಲ.

"ಹೊರಡೋಣ್ವಾ? ನನ್ನ ಮಂಡಿ ಹಿಡ್ಕೊಂಡಿದೆ" ಎಂದೆ ನಾನು.

"ಸ್ವಲ್ಪ ಇರಿ ಅತ್ತೆ" ಎಂದ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು. "ರಸ್ತೆ ಸರಿಯಾಗಿ ಕಾಣ್ತಿಲ್ಲ."