ಹೈದರಾಬಾದಿನಲ್ಲಿ ಬುತ್ತಿ ಬಿಚ್ಚಿದ್ದು

ಈ ಸಲ ಸಿಂಧನೂರಿನಿಂದ ಬಸ್ಸು ಹಿಡಿದು ಹೈದರಾಬಾದಿಗೆ ಹೋದಾಗ ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಅದೇ ದೊಡ್ಡ ಸುಖ. ಹರೆಯದಲ್ಲಿ ಅಲ್ಲೊಂದು ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸಕ್ಕಿದ್ದೆ. ಆಗ ಊರನ್ನು ನೋಡಿದ್ದೆಲ್ಲ ಬಸ್ಸಿನ ಕಂಬಿಗೆ ನೇತಾಡುತ್ತಲೇ. ಊರ ನಡುವಿನ ದೊಡ್ಡ ಕೆರೆಯನ್ನು ದಿನಾ ದಾಟುತ್ತಿದ್ದೆ, ನೀರಿನ ಬಣ್ಣ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕೊನೆಗೆ ಬಿಟ್ಟು ಬಂದು ಮಸ್ಕಿಯಲ್ಲಿ ಬಸ್ ನಿಲ್ದಾಣದ ಹತ್ತಿರ ನನ್ನದೇ ಹೊಲಿಗೆ ಅಂಗಡಿ ಹಾಕಿದೆ. ಲಿಂಗಸುಗೂರಿನ ನೆಂಟರು ಇವತ್ತಿಗೂ "ಸಿಟಿ ದಕ್ಕಲಿಲ್ಲ, ಪಾಪ" ಅನ್ನುತ್ತಾರೆ. ಆ "ಪಾಪ" ಕೇಳಿದರೆ ಮೈ ಉರಿಯುತ್ತದೆ.

ಕರೆಸಿದ್ದು ಅಕ್ಕ. ಅವಳು ಹೈದರಾಬಾದಿನಲ್ಲೇ ನೆಲೆಸಿದವಳು, ಮನೆಯ ಕೆಳಗೇ ಅವಳ ಸೀರೆ ಅಂಗಡಿ. "ನಾಕು ದಿನ ಆರಾಮ ಇದ್ದು ಹೋಗು ಬಾ" ಎಂದಿದ್ದಳು. ಹೋದ ಮರುದಿನವೇ ಆ ಆರಾಮದ ಅಸಲಿಯತ್ತು ಹೊರಬಿತ್ತು. ನಾನು ಮಸ್ಕಿಯ ಅಂಗಡಿ ಮುಚ್ಚಿ, ಅವಳ ಅಂಗಡಿಯಲ್ಲಿ ಕುಪ್ಪಸ ಹೊಲಿಯುತ್ತ ಅಲ್ಲೇ ಇದ್ದುಬಿಡಬೇಕಂತೆ. ಹೊರಡುವುದರೊಳಗೆ ಉತ್ತರ ಬೇಕಂತೆ.

ಉತ್ತರ ಕೊಡದೆ ತಿರುಗಾಡಿದೆ. ಹಳೇ ಬೀದಿಗಳಲ್ಲಿ ನಿಂತು ಚಹಾ ಕುಡಿದೆ. ತುಂಬಿದ ಬಸ್ಸು ಬಂದರೆ ಬಿಟ್ಟುಕೊಟ್ಟು ಮುಂದಿನದಕ್ಕೆ ಕಾದೆ. ಊರು ಇಷ್ಟು ಚಂದ ಇತ್ತೇ ಎಂದು ಹೊಟ್ಟೆ ಉರಿಯಿತು. ಇಷ್ಟು ವರ್ಷ ಅದನ್ನು ಬೈಯುತ್ತ ಬಂದಿದ್ದೆ. ಬೈಯಬೇಕಾದದ್ದು ಊರನ್ನಲ್ಲ, ನಾವಲ್ಲಿ ಉಸಿರು ಬಿಗಿಹಿಡಿದು ಬದುಕುವ ರೀತಿಯನ್ನು.

ಹೊರಡುವ ಮಧ್ಯಾಹ್ನ ಇಬ್ಬರೂ ಕೆರೆಯ ದಂಡೆಗೆ ಹೋದೆವು. ನಾನು ಬುತ್ತಿ ಬಿಚ್ಚಿದೆ. ಊರಿಂದ ಒಯ್ದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಅಕ್ಕ ಬಾಟಲಿ ತೆಗೆದು ತನ್ನ ರೊಟ್ಟಿಗೆ ನೀರು ಚಿಮುಕಿಸತೊಡಗಿದಳು.

"ಯಾಕಬೇ, ಹಲ್ಲು ನೋಯಾಕತ್ತಾವೇನು?"

"ಇಲ್ಲ, ಕಟುಂ ಕಟುಂ ಸಪ್ಪಳ ಆಗತೈತಿ, ಮಂದಿ ನೋಡತಾರ. ಮನ್ಯಾಗೂ ತೋಯಿಸೇ ತಿಂತೀನಿ. ಬಾಜೂ ಮನಿಯವರು ನಗತಾರ."

ಸ್ವಂತ ಮನೆ, ಸ್ವಂತ ಅಂಗಡಿ, ಕೊರಳ ತುಂಬ ಬಂಗಾರ. ರೊಟ್ಟಿ ಮಾತ್ರ ಕದ್ದವರಂತೆ ತಿನ್ನಬೇಕು! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಂದು ರೊಟ್ಟಿ ಎತ್ತಿ ಲಟಕ್ಕನೆ ಮುರಿದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಒಬ್ಬಳೇ ಕೂತಿದ್ದ ಮುದುಕಿ ತಿರುಗಿ ನೋಡಿದಳು. ನಮ್ಮ ಕಡೆ ಬುತ್ತಿ ಬಿಚ್ಚಿದವರು ಪಕ್ಕದವರನ್ನು ಕರೆಯದೆ ತುತ್ತೆತ್ತುವುದಿಲ್ಲ. "ಬರ್ರಿ ಯವ್ವಾ, ಊಟ ಮಾಡೂಣು" ಎಂದೆ, ಕನ್ನಡದಲ್ಲೇ. ಅಕ್ಕ ನನ್ನ ಸೆರಗು ಜಗ್ಗಿದಳು. "ಇಲ್ಲಿ ಹಂಗೆಲ್ಲ ಕರೀಬಾರದು."

ಮುದುಕಿ ಬಂದೇಬಿಟ್ಟಳು. ತೆಲುಗಿನಲ್ಲಿ ಏನೇನೋ ಹೇಳುತ್ತ ತಿಂದಳು. ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಮತ್ತೊಂದು ಚೂರಿಗೆ ಕೈಯೊಡ್ಡಿದಳು. ಯಾರ ಮಾನವೂ ಹೋಗಲಿಲ್ಲ.

ಅವಳು ಎದ್ದುಹೋದ ಮೇಲೆ ಅಕ್ಕನಿಗೆ ಹೇಳಿದೆ. "ಅಂಗಡಿ ಮುಚ್ಚಂಗಿಲ್ಲ. ನೀ ಕರೆದಾಗ ಬರತೀನಿ, ಹಿಂಗ ಕುಂದ್ರತೀನಿ, ಹೊಳ್ಳಿ ಹೋಗತೀನಿ."

"ಮತ್ತ ಸಿಟಿ ಬಿಟ್ಟು ಓಡಿ ಬಂದ್ಲು ಅಂತಾರ ಊರಾಗ ಮಂದಿ."

"ಅಂದರ ಅನ್ನಲಿ ಬಿಡು."

ಅಕ್ಕನ ಮುಖ ಕೆಂಪಾಯಿತು. "ಹುಚ್ಚಿ, ಅಂಥಾದ್ದೇನೈತಿ ಆ ಮಸ್ಕ್ಯಾಗ?"

ಹೇಳಲು ಬೇಕಾದಷ್ಟಿತ್ತು. ಮುಕ್ಕುಂದದಿಂದ, ದಢೇಸುಗೂರಿನಿಂದ ನನ್ನ ಕೈಯ ಕುಪ್ಪಸವೇ ಬೇಕೆಂದು ಖಣ ಹಿಡಿದು ಬರುವ ಹೆಣ್ಣುಮಕ್ಕಳ ಮಾತೆತ್ತಬಹುದಿತ್ತು. ಎತ್ತಲಿಲ್ಲ.

"ಅಲ್ಲಿ ನಾ ಅದೀನಿ" ಎಂದೆ.