ಚೌಕಶಿ ಮತ್ತು ಚೌಕಾಶಿ

ಪುಣೆಯ ನಮ್ಮ ಕನ್ನಡ ಶಾಲೆಯಲ್ಲಿ ಪತ್ತೇದಾರಿ ವಿಜ್ಞಾನದ ಪ್ರತಿಷ್ಠಾಪನೆ ನನ್ನ ಹಸ್ತದಿಂದಲೇ ನೆರವೇರಿತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ವಿಜ್ಞಾನ ಮಾಸ್ತರನಾದ ನನಗೆ ಶನಿವಾರದ ಕೊನೆಯ ಪಿರಿಯಡ್ ಕೊಟ್ಟು, ಮಕ್ಕಳಿಗೆ ಫೋರೆನ್ಸಿಕ್ ಪರಿಚಯಿಸಿರಿ ಎಂದು ಅಪ್ಪಣೆಯಾಗಿತ್ತು. ಸಲಕರಣೆಗಳೆಂದರೆ ಒಂದು ಡಬ್ಬಿ ಟಾಲ್ಕಂ ಪೌಡರು, ಮೆತ್ತನೆಯ ಬ್ರಶ್ಶು, ಸೆಲೋಟೇಪು, ಇಂಕ್ ಪ್ಯಾಡು. ಅಷ್ಟರಲ್ಲೇ ಒಂಬತ್ತನೇ ಇಯತ್ತೆಯ ಮಕ್ಕಳು ಶಾಲೆಯವರೆಲ್ಲರ ಬೆರಳಚ್ಚನ್ನು ಕಾರ್ಡುಗಳಿಗೆ ಇಳಿಸಿಕೊಂಡರು. ಹೆಡ್‌ಮಾಸ್ತರರಂತೂ ಸತ್ಕಾರಕ್ಕೆ ಕೈಚಾಚುವ ಗಾಂಭೀರ್ಯದಿಂದ ಹತ್ತೂ ಬೆರಳು ದಯಪಾಲಿಸಿದರು.

ಒಂದು ಕಾರ್ಡು ಮಾತ್ರ ಕೆಟ್ಟಿತು. ಕಸ ಗುಡಿಸಿ, ಗಾಜು ಒರೆಸಿ, ಚಹಾದ ಕಪ್ಪು ತೊಳೆಯುತ್ತಿದ್ದ, ಎಲ್ಲರೂ ಮಾವಶಿ ಎಂದು ಕರೆಯುತ್ತಿದ್ದ ಹೆಂಗಸಿನದು. ಎಷ್ಟು ಒತ್ತಿದರೂ ಬರೀ ಮಸಿಯ ಬೊಟ್ಟು. ಫಿನೈಲು, ಸೋಡಾದ ನೀರು ಬೆರಳನ್ನು ಸವೆಸಿ ನುಣ್ಣಗೆ ಮಾಡಿದ್ದವು.

"ರೇಶನ್ ಅಂಗಡಿ ಮಶೀನಿಗೂ ನನ್ನ ಗುರ್ತು ಸಿಗೂದಿಲ್ರಿ ಸರ್ರ," ಎಂದು ಆಕೆ ನಕ್ಕಳು.

ಮುಂದಿನ ಸೋಮವಾರ ಪ್ರಯೋಗಶಾಲೆಯ ಗಾಜಿನ ಕಪಾಟಿನಿಂದ ಮೈಕ್ರೋಸ್ಕೋಪು ಮಾಯವಾಗಿತ್ತು. ಕಪಾಟಿನ ಕೀಲಿಕೈ ಒಂದು ಆಫೀಸಿನಲ್ಲಿ, ಇನ್ನೊಂದು ಮಾವಶಿಯ ಸೆರಗಿನಲ್ಲಿ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಹೆಡ್‌ಮಾಸ್ತರರ ತೀರ್ಪು ಹೊರಬಿತ್ತು: ಕೀಲಿ ಇದ್ದವಳೇ ಕಳ್ಳಿ, ಆಕೆ ಹೋಗಬೇಕು. ತಾವು ವಾರದಿಂದ ಆ ಕೋಣೆಗೆ ಕಾಲಿಟ್ಟಿಲ್ಲವೆಂದೂ ಸೇರಿಸಿದರು.

ಮಕ್ಕಳು ನನ್ನನ್ನು ಕೇಳಲಿಲ್ಲ. ಪೌಡರು ಹಿಡಿದು ಹೋದರು. ಶನಿವಾರ ಪಾಠ ಮುಗಿದ ಮೇಲೆ ಮಾವಶಿ ನಮ್ಮೆದುರೇ ಆ ಗಾಜನ್ನು ಪೇಪರಿನಿಂದ ತಿಕ್ಕಿ ಒರೆಸಿದ್ದಳು. ಈಗ ಅಲ್ಲಿ ಒಂದೇ ಹೆಬ್ಬೆರಳು, ಅಡ್ಡಕ್ಕೆ ಹಳೆಯ ಗಾಯದ ಗೀರು. ಒಬ್ಬ ಹುಡುಗಿ ಕಾರ್ಡುಗಳನ್ನು ತಿರುವಿ, ಒಂದನ್ನು ನನ್ನ ಮೇಜಿನ ಮೇಲಿಟ್ಟಳು. ಹೆಡ್‌ಮಾಸ್ತರರದು.

"ಮಾವಶಿ ಬೆರಳಿಗೆ ಗೆರಿನ ಇಲ್ರಿ ಸರ್. ಇದು ಆಕಿದು ಹೆಂಗಾಗ್ತದ್ರಿ?"

ಮೂವತ್ತು ವರ್ಷದ ಮಾಸ್ತರಿಕೆ ಸಾರ್ಥಕವಾಯಿತೆಂದುಕೊಂಡು ಕಾರ್ಡನ್ನು ಆಡಳಿತ ಮಂಡಳಿಗೆ ಒಯ್ದೆ.

ಕಾರ್ಯದರ್ಶಿಗಳು ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ವ್ಯಾಪಾರಿ. ಪುಣೆಯಲ್ಲೇ ಹುಟ್ಟಿದವರು, ಅವರ ಕನ್ನಡದ ಅರ್ಧ ಮರಾಠಿ. ಚೌಕಶಿ ಮಾಡೋಣ ಎಂದರು. ಮರಾಠಿಯಲ್ಲಿ ಚೌಕಶಿ ಎಂದರೆ ವಿಚಾರಣೆ. ನಮ್ಮ ಕನ್ನಡದಲ್ಲಿ ಚೌಕಾಶಿ ಎಂದರೆ ಕೊಸರಾಟ. ನಡುವೆ ಒಂದು ದೀರ್ಘದ ಅಂತರ. ಮಂಡಳಿ ಅದನ್ನು ಅರ್ಧ ಗಂಟೆಯಲ್ಲಿ ಎಳೆದುಬಿಟ್ಟಿತು.

ಹೆಡ್‌ಮಾಸ್ತರರಿಗೆ ಆಗ ನೆನಪಾಯಿತು: ಮೊಮ್ಮಗನ ಶಾಲೆಯ ಪ್ರದರ್ಶನಕ್ಕೆಂದು ರವಿವಾರ ಒಯ್ದಿದ್ದರಂತೆ. ಮರುದಿನ ಮೈಕ್ರೋಸ್ಕೋಪು ಟಾವೆಲಿನಲ್ಲಿ ಸುತ್ತಿಕೊಂಡು ಮರಳಿತು. ಆದರೆ ಎಲ್ಲರೆದುರು ಕಳ್ಳಿ ಎಂದ ಬಾಯಿ ಹೆಡ್‌ಮಾಸ್ತರರದು. ಅದನ್ನು ಹಿಂದಕ್ಕೆ ತೆಗೆದುಕೊಂಡರೆ ಶಾಲೆಯ ಮರ್ಯಾದೆ ಏನಾಗಬೇಕು? ಮಂಡಳಿಯ ಒಪ್ಪಂದ ಹೀಗಾಯಿತು: ಕಳವಿನ ಮಾತು ಬಿಡೋಣ, ಹೆಡ್‌ಮಾಸ್ತರರ ಹೆಸರು ಕಾಗದಕ್ಕೆ ಬರುವುದು ಬೇಡ, ಮಾವಶಿ ವಯಸ್ಸಿನ ಕಾರಣಕ್ಕೆ ತಾನಾಗಿ ಕೆಲಸ ಬಿಡಲಿ, ಮಾಸ್ತರರ ಶನಿವಾರದ ಕ್ಲಾಸು ಮುಂದುವರಿಯಲಿ.

"ಎಲ್ಲಾರದೂ ಸ್ವಲ್ಪ ಸ್ವಲ್ಪ ಹೋಗ್ಲಿ ಬಿಡ್ರಿ," ಎಂದರು ಕಾರ್ಯದರ್ಶಿಗಳು.

ನನ್ನ ಪಾಲಿನ ಸ್ವಲ್ಪ, ಮಾವಶಿ ಕೆಲಸ ಬಿಡುವ ಕಾಗದಕ್ಕೆ ಒಂದು ಸಾಕ್ಷಿ ಸಹಿ. ಹಾಕಿದೆ. ಒಳ್ಳೆಯ ಪೆನ್ನಿನಿಂದ, ಸ್ಪಷ್ಟವಾಗಿ ಹಾಕಿದೆ.

ಸಂಜೆ ಮಾವಶಿ ಆ ಕಾಗದ ಹಿಡಿದು ಸ್ಟಾಫ್‌ರೂಮಿಗೆ ಬಂದಳು. ಓದಲು ಬಾರದು, ಏನು ಬರೆದಿದ್ದಾರೆ ನೋಡಿ ಹೇಳಿ ಎಂದಳು. ಒಂದಕ್ಷರ ಬಿಡದೆ ಓದಿ ಹೇಳಿದೆ. ಕೆಳಗಿನ ಸಹಿಗಳು ಯಾರವು ಎಂದು ಕೇಳಿದಳು. ಒಂದು ಕಾರ್ಯದರ್ಶಿಗಳದು, ಇನ್ನೊಂದು ನನ್ನದು ಎಂದೆ.

ಆಕೆ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು.

"ನೀವ ಸಹಿ ಮಾಡೀರಿ ಅಂದ್ರ ಬರೋಬ್ಬರಿನ ಇರಬೇಕು ಬಿಡ್ರಿ, ಸರ್ರ."